ಷರಾ ಕಾಲಮ್ಮಿಗೆ ಜಾಗ ಸಾಲದು: 11 ವರ್ಷ ಬಳಸಿದ ಪೈಲಟ್ ಲಾಗ್‌ಬುಕ್ಕೊಂದರ ವಿಮರ್ಶೆ

ಕಳೆದ ತಿಂಗಳು ನನ್ನ ಲಾಗ್‌ಬುಕ್ಕಿನ ಕಡೆಯ ಸಾಲು ಭರ್ತಿಯಾಯಿತು. ಎದುರುಬದುರಿನ ಎರಡು ಪುಟ ಸೇರಿದರೆ 18 ಸಾಲು, ಅಂತಹ 40 ಜೋಡಿಪುಟ, ಒಟ್ಟು 720 ಹಾರಾಟ. ಇಷ್ಟನ್ನು ತುಂಬಲು ನನಗೆ 11 ವರ್ಷ ಹಿಡಿಯಿತು. ಹಾರಾಟವನ್ನೇ ಉದ್ಯೋಗ ಮಾಡಿಕೊಂಡವರು ಇಂಥ ಪುಸ್ತಕವನ್ನು ಒಂದೆರಡು ವರ್ಷದಲ್ಲಿ ಮುಗಿಸಿಬಿಡುತ್ತಾರೆ. ಬಿಡುವಿದ್ದಾಗ ಮಾತ್ರ ವಿಮಾನ ಹತ್ತುವ ನನ್ನಂಥವರಿಗೆ ಒಂದು ಪುಸ್ತಕ ಎಂದರೆ ಆಯುಷ್ಯದ ಒಂದು ತುಂಡು. ಅದೇ ನಮೂನೆಯದನ್ನು ಮತ್ತೆ ಕೊಳ್ಳಬೇಕೇ, ಬೇರೆಯದಕ್ಕೆ ಹೋಗಬೇಕೇ ಎಂದು ತೀರ್ಮಾನಿಸುವ ಸಲುವಾಗಿ ಹಳೆಯದನ್ನು ಮೊದಲ ಪುಟದಿಂದ ಓದುತ್ತ ಕುಳಿತೆ.

ಓದಿ ಮುಗಿಸಿದ ಮೇಲೆ ಈ ವಿಮರ್ಶೆ ಬರೆಯಬೇಕೆನಿಸಿತು. ನಮ್ಮದು ಚಿಕ್ಕ ಹಾರಾಟದ ಕ್ಲಬ್ಬು: ಕ್ಲಬ್ಬಿನ ವಿಮಾನ ಎರಡು, ಸದಸ್ಯರು ಸ್ವಂತಕ್ಕೆ ಇಟ್ಟುಕೊಂಡವು ಮೂರು, ಹ್ಯಾಂಗರ್ ಒಂದು, ಹಾರುವವರು ಇಪ್ಪತ್ತಕ್ಕಿಂತ ಕಡಿಮೆ. ಇಳಿಯುತ್ತಿರುವ ವಿಮಾನದ ಇಂಜಿನ್ನಿನ ಸದ್ದು ಕೇಳಿಯೇ ಒಳಗೆ ಯಾರಿದ್ದಾರೆಂದು ಹೇಳಬಲ್ಲಷ್ಟು ನಾವು ಒಬ್ಬರನ್ನೊಬ್ಬರು ಬಲ್ಲೆವು. ಈ 11 ವರ್ಷಗಳಲ್ಲಿ ಅಲ್ಲಿಂದ ನನಗೆ ಬಹಳ ಹತ್ತಿರದವರಾಗಿದ್ದ ಮೂವರು ಹೋದರು. ಒಬ್ಬರ ವೈದ್ಯಕೀಯ ಪ್ರಮಾಣಪತ್ರ ನವೀಕರಣವಾಗಲಿಲ್ಲ, ಒಬ್ಬಳಿಗೆ ದೂರದಲ್ಲೊಂದು ವಿಮಾನಯಾನ ಸಂಸ್ಥೆಯಲ್ಲಿ ಕೆಲಸ ಸಿಕ್ಕಿತು, ಮತ್ತೊಬ್ಬರು ತೀರಿಕೊಂಡರು. ಮೂವರನ್ನೂ ನಾವು ಬೀಳ್ಕೊಟ್ಟದ್ದು ಹಾರಾಟದ ಮೂಲಕವೇ. ಆ ಮೂರೂ ಹಾರಾಟಗಳು ಈ ಪುಸ್ತಕದಲ್ಲಿವೆ. ಆದರೆ ಅಚ್ಚು ಹಾಕಿದ ಕಾಲಮ್ಮುಗಳನ್ನು ಮಾತ್ರ ನೋಡಿದವರಿಗೆ ಅವು ಯಾರಿಗಾಗಿ ನಡೆದವು ಎಂಬುದೇ ತಿಳಿಯದು. ಈ ಪುಸ್ತಕದ ಗುಣವನ್ನೂ ದೋಷವನ್ನೂ ನಾನು ಅಳೆದಿರುವುದು ಇದೇ ಗಜಕಡ್ಡಿಯಿಂದ.

ಮೊದಲು ಪುಸ್ತಕದ ಮೈಕಟ್ಟಿನ ವಿಚಾರ ಹೇಳಿಬಿಡುತ್ತೇನೆ. ಅಡ್ಡ ಆಕಾರ, ಕಪ್ಪು ರಟ್ಟು, ಅಂಟಿನದಲ್ಲದ ದಾರದ ಹೊಲಿಗೆ. ಹೊಲಿಗೆಯೇ ಇದರ ದೊಡ್ಡ ಗುಣ: ಯಾವ ಪುಟ ತೆರೆದರೂ ಮೇಜಿನ ಮೇಲೆ ಚಪ್ಪಟೆಯಾಗಿ ಮಲಗುತ್ತದೆ, ಒಂದು ಕೈಯಲ್ಲಿ ಅದುಮಿಕೊಂಡು ಬರೆಯಬೇಕಾಗಿಲ್ಲ, ಇಷ್ಟು ವರ್ಷಕ್ಕೆ ಒಂದು ಹಾಳೆಯೂ ಕಳಚಿಲ್ಲ. ರಟ್ಟಿನ ಮೂಲೆಗಳು ಹೆಡ್‌ಸೆಟ್ಟಿನ ಜೊತೆ ಒಂದೇ ಚೀಲದಲ್ಲಿ ತಿಕ್ಕಾಡಿ ಬಿರಿದಿವೆ, ಬೆನ್ನಿನ ಮೇಲಿದ್ದ ಬಂಗಾರದ ಬಣ್ಣದ ಅಕ್ಷರ ಮೂರನೇ ವರ್ಷಕ್ಕೇ ಅಳಿಸಿಹೋಯಿತು. ಕಾಗದ ದಪ್ಪಗಿದೆ, ಬಾಲ್‌ಪೆನ್ನಿನ ಶಾಯಿ ಹಿಂಬದಿಗೆ ಇಳಿಯುವುದಿಲ್ಲ. ಜೆಲ್ ಪೆನ್ನು ಮಾತ್ರ ಬೇಡ, ಇಳಿದ ತಕ್ಷಣದ ಬೆವರುಗೈ ತಾಗಿದರೆ ಅಕ್ಷರ ಹರಡುತ್ತದೆ.

31ನೇ ಜೋಡಿಪುಟದ ಕೆಳಮೂಲೆಯಲ್ಲಿ ನಾಣ್ಯದಗಲದ ಒಂದು ಮಸುಕು ನೀಲಿ ಉಂಗುರವಿದೆ. ಅದು ಶಾಯಿಯಲ್ಲ, ಇಂಧನದ ಕಲೆ. ಸಣ್ಣ ವಿಮಾನಗಳಿಗೆ ಹಾಕುವ 100 ಎಲ್‌ಎಲ್ ಪೆಟ್ರೋಲಿಗೆ ಗುರುತು ಸಿಗಲೆಂದು ನೀಲಿ ಬಣ್ಣ ಬೆರೆಸಿರುತ್ತಾರೆ. ಹಾರುವ ಮುನ್ನ ರೆಕ್ಕೆಯ ಕೆಳಗಿನ ತೂಬಿನಿಂದ ಅದನ್ನು ಪುಟ್ಟ ಪಾರದರ್ಶಕ ಲೋಟಕ್ಕೆ ಇಳಿಸಿ, ತಳದಲ್ಲಿ ನೀರಿನ ಗುಳ್ಳೆ ಕುಳಿತಿದೆಯೇ ಎಂದು ಬೆಳಕಿಗೆ ಹಿಡಿದು ನೋಡಬೇಕು. ಆ ಲೋಟ ಪುಸ್ತಕದ ಮೇಲೆ ಕುಳಿತದ್ದು ಹೇಗೆ ಎಂಬುದನ್ನು ಮುಂದೆ ಹೇಳುತ್ತೇನೆ. ಪೆಟ್ರೋಲು ಗಳಿಗೆಯಲ್ಲಿ ಆರಿಹೋಯಿತು, ಬಣ್ಣ ಉಳಿಯಿತು. ಕಾಗದದ ಗುಣಮಟ್ಟಕ್ಕೆ ಇದಕ್ಕಿಂತ ಕಠಿಣ ಪರೀಕ್ಷೆ ನನಗೆ ಹೊಳೆಯುತ್ತಿಲ್ಲ.

ಇನ್ನು ಕಾಲಮ್ಮುಗಳು. ಪುಸ್ತಕ ಯುರೋಪಿನ ನಮೂನೆಯದು, 12 ಅಂಕಣ. ದಿನಾಂಕ, ಹೊರಟ ಸ್ಥಳ ಮತ್ತು ಸಮಯ, ತಲುಪಿದ ಸ್ಥಳ ಮತ್ತು ಸಮಯ, ವಿಮಾನದ ಮಾದರಿ ಮತ್ತು ನೋಂದಣಿ, ಒಂಟಿ ಪೈಲಟ್ ವಿಮಾನವೋ ಅಲ್ಲವೋ, ಒಟ್ಟು ಅವಧಿ, ಕಮಾಂಡಿನಲ್ಲಿದ್ದ ಪೈಲಟ್‌ನ ಹೆಸರು, ಲ್ಯಾಂಡಿಂಗುಗಳ ಸಂಖ್ಯೆ, ರಾತ್ರಿ ಮತ್ತು ಉಪಕರಣ ಹಾರಾಟದ (ಹೊರಗೆ ನೋಡದೆ ಫಲಕದ ಉಪಕರಣಗಳನ್ನೇ ನಂಬಿ ಹಾರುವುದು) ಸಮಯ, ಪೈಲಟ್‌ನ ಪಾತ್ರ, ಸಿಮ್ಯುಲೇಟರ್, ಕಟ್ಟಕಡೆಗೆ ಷರಾ. ಪುಟದ ಅಡಿಯಲ್ಲಿ ಮೂರು ಮೊತ್ತದ ಸಾಲು: ಈ ಪುಟದ್ದು, ಹಿಂದಿನ ಪುಟಗಳಿಂದ ತಂದದ್ದು, ಒಟ್ಟು. ಗಂಟೆ ಮತ್ತು ನಿಮಿಷವನ್ನು ಬೇರೆ ಬೇರೆ ಮನೆಯಲ್ಲಿ ಬರೆಯುವ ಈ ನಮೂನೆಯಲ್ಲಿ ಕೂಡುವಾಗ 60ಕ್ಕೆ ದಶಕ ಒಯ್ಯಬೇಕಾಗುತ್ತದೆ. ನಾನು ಒಮ್ಮೆ ಅಭ್ಯಾಸಬಲದಿಂದ 100ಕ್ಕೆ ಒಯ್ದು, ಆ ತಪ್ಪು ಎಂಟು ಪುಟದವರೆಗೆ ಹರಿದುಬಂದು, ಎಂಟೂ ಕಡೆ ತಿದ್ದಬೇಕಾಯಿತು. ತಿದ್ದುವುದಕ್ಕೂ ಒಂದು ಕ್ರಮವಿದೆ: ಬಿಳಿ ಬಳಿಯುವಂತಿಲ್ಲ, ಕೆರೆಯುವಂತಿಲ್ಲ; ತಪ್ಪಿನ ಮೇಲೆ ಒಂದೇ ಗೆರೆ ಎಳೆದು, ಕೆಳಗಿರುವುದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಬೇಕು. ಈ ಕ್ರಮವನ್ನು ಓದುಗರು ನೆನಪಿಟ್ಟುಕೊಳ್ಳಲಿ, ಸ್ವಲ್ಪ ಹೊತ್ತಿನಲ್ಲಿ ಬೇಕಾಗುತ್ತದೆ.

ನನ್ನ ದೂರು ಇರುವುದು 7ನೇ ಮತ್ತು 12ನೇ ಅಂಕಣಗಳ ಬಗ್ಗೆ. ಕಲಿಯುವ ಕಾಲದಲ್ಲಿ 7ನೇ ಅಂಕಣದಲ್ಲಿ ಬೋಧಕರ ಹೆಸರಿರುತ್ತದೆ, ಏಕೆಂದರೆ ಆಗ ಕಮಾಂಡು ಅವರದು. ಅಂತರರಾಷ್ಟ್ರೀಯ ನಾಗರಿಕ ವಿಮಾನಯಾನ ಸಂಸ್ಥೆಯ ಮಾನದಂಡದಂತೆ ಖಾಸಗಿ ಪೈಲಟ್ ಪರವಾನಗಿಗೆ ಕನಿಷ್ಠ 40 ಗಂಟೆ ಹಾರಿರಬೇಕು, ಮಾನ್ಯತೆ ಪಡೆದ ತರಬೇತಿಯಾದರೆ 35. ನನ್ನ ಮೊದಲ ಮೂರು ಜೋಡಿಪುಟಗಳಲ್ಲಿ ಬಹುತೇಕ ಸಾಲುಗಳಲ್ಲಿ ಅದೇ ಒಂದು ಹೆಸರು, ಒಂದರ ಕೆಳಗೊಂದು, ಕೆಲವು ಕಡೆ ಸೋಮಾರಿತನದ ಎರಡು ಚುಕ್ಕೆಗಳಾಗಿ ಇಳಿದುಬಂದಿದೆ. ಪರವಾನಗಿ ಬಂದ ದಿನದಿಂದ ಆ ಮನೆಯಲ್ಲಿ ನಾವು ಬರೆಯುವುದು ಒಂದೇ ಪದ: ಸ್ವತಃ. ಆಮೇಲೆ ಬಲಗಡೆಯ ಸೀಟಿನಲ್ಲಿ ಯಾರೇ ಕುಳಿತಿರಲಿ, ಪುಸ್ತಕದ ಲೆಕ್ಕಕ್ಕೆ ಅವರು ಪ್ರಯಾಣಿಕರು, ಪ್ರಯಾಣಿಕರಿಗೆ ಕಾಲಂ ಇಲ್ಲ. ಹೀಗಾಗಿ ಬೋಧಕರು ಬೋಧಕರಾಗಿರುವ ತನಕ ಪುಸ್ತಕದಲ್ಲಿ ಇರುತ್ತಾರೆ, ಸ್ನೇಹಿತರಾದ ಮರುದಿನವೇ ಮರೆಯಾಗುತ್ತಾರೆ. ಇದು ಕಾನೂನಿನ ದಾಖಲೆ, ದಿನಚರಿಯಲ್ಲ ಎಂಬ ಸಮಾಧಾನ ನನಗೂ ಗೊತ್ತು. ಆದರೆ ಸಿಮ್ಯುಲೇಟರಿಗೆ ಇಡೀ ಒಂದು ಅಂಕಣ ಬಿಟ್ಟಿರುವ ತಯಾರಕರು, ನನ್ನ ಪುಸ್ತಕದಲ್ಲಿ 40 ಜೋಡಿಪುಟಕ್ಕೂ ಖಾಲಿ ಉಳಿದ ಆ ಅಂಕಣವನ್ನು ಕಿರಿದು ಮಾಡಿ ಷರಾಕ್ಕೆ ಕೊಡಬಹುದಿತ್ತು ಎನ್ನುವುದು ನನ್ನ ವಾದ.

ಮೊಟ್ಟಮೊದಲ 'ಸ್ವತಃ' ಮಾತ್ರ ಪರವಾನಗಿಗೂ ಮುಂಚಿನದು, ಕಲಿಯುವಾಗಲೇ ಒಬ್ಬನೇ ಹಾರಿದ ದಿನದ್ದು; ಇರುವುದು ಎರಡನೇ ಜೋಡಿಪುಟದಲ್ಲಿ. ಬೆಳಗ್ಗೆ ಮೂರು ಸಲ ಇಳಿಸಿದ ಮೇಲೆ ಬೋಧಕರು ಬಾಗಿಲು ತೆರೆದು ಇಳಿದು, ಖಾಲಿ ಸೀಟಿನ ಬೆಲ್ಟನ್ನು ತಾವೇ ಬಿಗಿದು ಕಟ್ಟಿ, "ಒಂದು ಸುತ್ತು ಹೋಗಿ ಬನ್ನಿ" ಎಂದರು. ಒಬ್ಬರ ಭಾರ ಕಡಿಮೆಯಾದರೆ ಚಿಕ್ಕ ವಿಮಾನ ಬೇರೆಯದೇ ವಿಮಾನವಾಗುತ್ತದೆ: ಎಣಿಸಿದ್ದಕ್ಕಿಂತ ಮೊದಲೇ ನೆಲ ಬಿಡುತ್ತದೆ, ಇಳಿಯುವಾಗ ಹಿಂದಿನ ವೇಗವನ್ನೇ ಹಿಡಿದು ಬಂದರೆ ಕುಳಿತುಕೊಳ್ಳಲು ಒಪ್ಪದೆ ರನ್‌ವೇ ಮೇಲೆ ತೇಲುತ್ತ ಹೋಗುತ್ತದೆ. ಆ ದಿನ ನನಗೆ ಅದು ಸಂಭ್ರಮ. ಮುಂದೆ ಜೊತೆಗಾರರು ಒಬ್ಬೊಬ್ಬರಾಗಿ ಹೋದ ಮೇಲೆ, ಬಲಗಡೆಯ ಸೀಟು ಖಾಲಿ ಇಟ್ಟುಕೊಂಡು ಇಳಿಸುವಾಗಲೂ ವಿಮಾನ ಹಾಗೆಯೇ ತೇಲಿತು. ಹೋದವರ ತೂಕ ಎಷ್ಟಿತ್ತೆಂದು ನನ್ನ ಕೈಗೆ ತಿಳಿಯುತ್ತಿತ್ತು.

ಬೋಧಕರ ನಿವೃತ್ತಿ ಅವರು ಬಯಸಿ ಪಡೆದದ್ದಲ್ಲ. ಖಾಸಗಿ ಪೈಲಟ್‌ಗಳ ವೈದ್ಯಕೀಯ ಪ್ರಮಾಣಪತ್ರಕ್ಕೆ ಮೇಲೆ ಹೇಳಿದ ಅಂತರರಾಷ್ಟ್ರೀಯ ಮಾನದಂಡದಲ್ಲಿ 60 ತಿಂಗಳ ಅವಧಿಯಿದೆ, 40 ವರ್ಷ ದಾಟಿದವರಿಗೆ ಅದು 24 ತಿಂಗಳಿಗೆ ಇಳಿಯುತ್ತದೆ. ವಯಸ್ಸಾದಂತೆ ತಪಾಸಣೆಯ ದಿನ ಹತ್ತಿರ ಬಂದಾಗ ಕ್ಲಬ್ಬಿನಲ್ಲಿ ಹಿರಿಯರು ಮಾತು ಕಡಿಮೆ ಮಾಡುತ್ತಾರೆ. ಒಂದು ಸಲದ ಹೃದಯ ಪರೀಕ್ಷೆಯಲ್ಲಿ ಬಡಿತದ ಲಯ ಸರಿಯಿಲ್ಲವೆಂದು ಕಂಡುಬಂತು, ಪ್ರಮಾಣಪತ್ರ ಸಿಗಲಿಲ್ಲ. ಅವರು ದೇಹದಲ್ಲಿ ಗಟ್ಟಿಯಾಗಿಯೇ ಇದ್ದರು, ನಡೆದೇ ಬರುತ್ತಿದ್ದರು, ಆದರೆ ಪೈಲಟ್ ಆಗಿ ವಿಮಾನ ಹತ್ತುವ ಹಕ್ಕು ಆ ದಿನಕ್ಕೆ ಮುಗಿಯಿತು. ಮಗನ ಮನೆಗೆ ಹೋಗಿ ನೆಲೆಸುವ ಮುನ್ನ ಒಂದು ಬಾರಿ ಹಾರಿ ಹೋಗಬೇಕೆಂದು ಕೇಳಿಕೊಂಡರು. ಹಾಗೆ ಅವರು ಬಲಗಡೆ, ನಾನು ಎಡಗಡೆ. ಸೀಟುಗಳು ಹಳೆಯವೇ, ಕಮಾಂಡು ಮಾತ್ರ ನನ್ನದು.

ವಿಮಾನ ಸೆಸ್ನಾ 172. 1956ರಿಂದ 44,000ಕ್ಕೂ ಹೆಚ್ಚು ತಯಾರಾಗಿ, ಜಗತ್ತಿನಲ್ಲೇ ಅತಿ ಹೆಚ್ಚು ಸಂಖ್ಯೆಯಲ್ಲಿ ತಯಾರಾದ ವಿಮಾನವೆನಿಸಿಕೊಂಡದ್ದು. ನಮ್ಮ ಕ್ಲಬ್ಬಿನ ಅರ್ಧ ಜನ ಕಲಿತದ್ದು ಇದರಲ್ಲೇ. ಇದರ ಪ್ರೊಪೆಲರ್ ಪೈಲಟ್‌ನ ಕಣ್ಣಿಗೆ ಬಲಸುತ್ತು ತಿರುಗುತ್ತದೆ, ಆದ್ದರಿಂದ ಪೂರ್ತಿ ಶಕ್ತಿ ಕೊಟ್ಟು ಮೂತಿ ಎತ್ತಿ ಏರುವಾಗ ವಿಮಾನ ಎಡಕ್ಕೆ ಮುಖ ತಿರುಗಿಸಲು ನೋಡುತ್ತದೆ, ಬಲಗಾಲಿನ ಪೆಡಲ್ ಒತ್ತಿ ಅದನ್ನು ನೇರವಾಗಿಡಬೇಕು. ಹೊಸಬರೆಲ್ಲ ಇದನ್ನು ಮರೆಯುತ್ತಾರೆ, ಬೋಧಕರೆಲ್ಲ ಇದನ್ನು ನೆನಪಿಸುತ್ತಾರೆ. ಅಂದು ನೆಲ ಬಿಟ್ಟ ಮೇಲೆ ಅವರು ಕಿಟಕಿಯ ಕಡೆ ಮುಖ ಮಾಡಿಕೊಂಡು ಸುಮ್ಮನಿದ್ದರು. ಮುನ್ನೂರು ಅಡಿ ಏರಿದ್ದೆವೇನೋ. ವಿಮಾನ ಓರೆಯಾಗಿ ಜಾರುತ್ತಿದೆಯೇ ಎಂದು ತೋರಿಸುವ, ಫಲಕದ ಬಾಗಿದ ಗಾಜಿನ ನಳಿಗೆಯೊಳಗಿನ ಕಪ್ಪು ಗುಂಡು ನಡುವಿನಿಂದ ಅರ್ಧ ಗುಂಡಿನಷ್ಟು ಬಲಕ್ಕೆ ಸರಿದಿತ್ತು. ಅತ್ತ ತಿರುಗಿಯೂ ನೋಡದೆ, ಸೀಟಿನ ಕೆಳಗಿನಿಂದ ಬರುವ ಓಲಾಟದಲ್ಲೇ ಅದನ್ನು ತಿಳಿದುಕೊಂಡು, "ಬಲಗಾಲು" ಎಂದರು.

ಇಳಿದು ವಿಮಾನವನ್ನು ಕಟ್ಟಿಹಾಕಿದ ಮೇಲೆ ನಾನು ಲಾಗ್‌ಬುಕ್ ತೆರೆದು ಅವರ ಮುಂದಿಟ್ಟು, ಷರಾ ಬರೆಯಿರಿ ಸರ್ ಎಂದೆ. ಪ್ರಯಾಣಿಕರು ಪೈಲಟ್‌ನ ದಾಖಲೆಯಲ್ಲಿ ಬರೆಯುವ ಪದ್ಧತಿ ಎಲ್ಲಿಯೂ ಇಲ್ಲ. ಅವರು ಕನ್ನಡಕ ಏರಿಸಿಕೊಂಡು 'ಬಲಗಾಲು' ಎಂದು ಬರೆದು ಸಹಿ ಮಾಡಿದರು. ನೂರಾರು ಶಿಷ್ಯರ ಪುಸ್ತಕಗಳಲ್ಲಿ ಮಾಡಿದ ಅಭ್ಯಾಸದ ಮೇಲೆ ಸಹಿಯ ಕೆಳಗೆ ತಮ್ಮ ಬೋಧಕ ಪರವಾನಗಿಯ ಸಂಖ್ಯೆಯನ್ನೂ ಬರೆದುಬಿಟ್ಟರು. ಬರೆದಾದ ಮೇಲೆ ಪೆನ್ನನ್ನು ಎತ್ತದೆ ಸ್ವಲ್ಪ ಹೊತ್ತು ಅದನ್ನೇ ನೋಡಿದರು. ಆಮೇಲೆ ಆ ಸಂಖ್ಯೆಯ ಮೇಲೆ ಒಂದೇ ಗೆರೆ ಎಳೆದು, ಕೆಳಗಿರುವುದು ಓದಲು ಬರುವಂತೆ ಬಿಟ್ಟು, ಪಕ್ಕದಲ್ಲಿ ಚಿಕ್ಕ ಸಹಿ ಹಾಕಿದರು.

ಆ ಸಾಲು ಕಾಲಮ್ಮಿನ ಗೆರೆ ದಾಟಿ ಪುಟದ ಅಂಚಿಗೆ ಹೋಗಿದೆ. ಷರಾದ ಅಗಲ ನಾಲ್ಕು ಸೆಂಟಿಮೀಟರ್ ಚಿಲ್ಲರೆ, ಸಾಲಿನ ಎತ್ತರ ಏಳು ಮಿಲಿಮೀಟರ್. ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ನಾಲ್ಕು ಸಂಕ್ಷೇಪಗಳನ್ನು ಗೀಚಲು ಇದು ಸಾಕು. ಕನ್ನಡದಲ್ಲಿ ಬರೆಯುವವರಿಗೆ ಒತ್ತಕ್ಷರಗಳು ಕೆಳಗಿನ ಸಾಲಿನ ತಲೆಯ ಮೇಲೆ ಕುಳಿತುಕೊಳ್ಳುತ್ತವೆ. ನನ್ನ ಪುಸ್ತಕದಲ್ಲಿ ಹಲವು ಕಡೆ ಒಂದು ದಿನದ ಷರಾದ ಬಾಲ ಇನ್ನೊಂದು ದಿನದ ಹಾರಾಟದೊಳಗೆ ಇಳಿದಿದೆ.

ಎರಡನೆಯವಳು ನನ್ನ ಜೊತೆಯಲ್ಲೇ ಕಲಿತವಳು. ಪರವಾನಗಿ ಬಂದ ಮೇಲೆ ಇಬ್ಬರೂ ಸರದಿಯಲ್ಲಿ ಹಾರಿ ಖರ್ಚು ಹಂಚಿಕೊಳ್ಳುತ್ತಿದ್ದೆವು, ಪ್ರಯಾಣಿಕರನ್ನು ಕೂರಿಸಿಕೊಳ್ಳಬೇಕಾದರೆ ಹಿಂದಿನ 90 ದಿನಗಳಲ್ಲಿ ಮೂರು ಟೇಕಾಫ್ ಮೂರು ಲ್ಯಾಂಡಿಂಗ್ ಆಗಿರಬೇಕೆಂಬ ನಿಯಮದ ಲೆಕ್ಕವನ್ನು ಒಬ್ಬರಿಗೊಬ್ಬರು ಜ್ಞಾಪಿಸುತ್ತಿದ್ದೆವು. ಉಪಕರಣ ಹಾರಾಟದ ಅಭ್ಯಾಸಕ್ಕೆ ಹಣೆಯ ಮುಂದೆ ಮರೆ ಕಟ್ಟಿಕೊಳ್ಳುತ್ತೇವೆ, ಅದಕ್ಕೆ ಹುಡ್ ಎನ್ನುತ್ತಾರೆ. ಕಟ್ಟಿಕೊಂಡವರಿಗೆ ಫಲಕ ಬಿಟ್ಟು ಬೇರೇನೂ ಕಾಣದು. ಹೊರಗೆ ನೋಡಲು ಪಕ್ಕದಲ್ಲಿ ಇನ್ನೊಬ್ಬ ಪೈಲಟ್ ಇರಲೇಬೇಕು. ಅವರನ್ನು ಸೇಫ್ಟಿ ಪೈಲಟ್ ಎನ್ನುತ್ತಾರೆ. ಬೇರೆ ವಿಮಾನ ಬರುತ್ತಿದೆಯೇ, ಮೋಡ ಹತ್ತಿರವಾಯಿತೇ, ಗುಡ್ಡ ಎಷ್ಟು ದೂರ ಎಂಬುದೆಲ್ಲ ಅವರ ಕಣ್ಣಿಗೆ ಬಿಟ್ಟದ್ದು. ಕಾಣದೆ ಹಾರುತ್ತಿರುವವನಿಗೆ ಪಕ್ಕದವರ ಮೇಲೆ ಎಂಥ ನಂಬಿಕೆ ಇರಬೇಕೆಂಬುದನ್ನು ಅಮೆರಿಕದ ನಿಯಮ ಮಾಡಿದವರು ಅರ್ಥ ಮಾಡಿಕೊಂಡಂತಿದೆ: ಅಲ್ಲಿಯ ಲಾಗ್‌ಬುಕ್ ನಿಯಮದಂತೆ ಇಂಥ ಹಾರಾಟದಲ್ಲಿ ಸೇಫ್ಟಿ ಪೈಲಟ್‌ನ ಹೆಸರನ್ನು ಬರೆಯಲೇಬೇಕು. ನನ್ನ ಪುಸ್ತಕದ ನಮೂನೆಯಲ್ಲಿ ಅದಕ್ಕೆ ಬೇರೆ ಮನೆಯಿಲ್ಲ. ಆದರೂ ನಾನು ಅವಳ ಹೆಸರಿನ ಮೊದಲ ಅಕ್ಷರವನ್ನು ಷರಾದಲ್ಲಿ ಬರೆಯುತ್ತ ಬಂದೆ. ಎಣಿಸಿದೆ, 64 ಸಾಲುಗಳಲ್ಲಿ ಇದೆ.

ಕೊನೆಯ ದಿನ ಹುಡ್ ಕಟ್ಟಿಕೊಂಡವನು ನಾನೇ. ಅರ್ಧ ಗಂಟೆ ಅವಳು ಹೇಳಿದ ದಿಕ್ಕಿಗೆ ತಿರುಗಿಸಿ, ಹೇಳಿದ ಎತ್ತರಕ್ಕೆ ಏರಿ, ಇಳಿದು, ಕಡೆಗೆ ಅವಳು "ತೆಗಿ" ಎಂದಾಗ ತಲೆಯೆತ್ತಿ ನೋಡಿದರೆ ವಿಮಾನ ರನ್‌ವೇಗೆ ನೇರವಾಗಿ ನಿಂತಿತ್ತು. ಷರಾದಲ್ಲಿ ಅಂದು ಅವಳ ಅಕ್ಷರ ಬಿಟ್ಟು ಬೇರೇನನ್ನೂ ಬರೆಯಲಿಲ್ಲ, ಅವಳೂ ಬರೆಯಲು ಒಪ್ಪಲಿಲ್ಲ. "ಬರೆದರೆ ಮುಗಿದ ಹಾಗೆ, ಬಿಡೋ" ಎಂದಳು.

ಅದಾಗಿ ಒಂದೂವರೆ ವರ್ಷದ ನಂತರದ ಒಂದು ಸಾಲಿನಲ್ಲಿ ಮತ್ತೆ ಆ ಅಕ್ಷರವಿದೆ. ಆ ದಿನ ನಾನು ಒಬ್ಬನೇ ಇದ್ದೆ. ಮೇಲೆ ಹಾದುಹೋಗುತ್ತಿದ್ದ ಒಂದು ದೊಡ್ಡ ವಿಮಾನವೂ ನಾನೂ ಒಂದೇ ವಾಯುಸಂಚಾರ ನಿಯಂತ್ರಕರ ರೇಡಿಯೊ ತರಂಗದಲ್ಲಿದ್ದೆವು. ಆ ವಿಮಾನದಿಂದ ಉತ್ತರ ಕೊಡುತ್ತಿದ್ದ ಧ್ವನಿ ಅವಳದು. ರೇಡಿಯೊ ತರಂಗದಲ್ಲಿ ಕುಶಲ ವಿಚಾರಿಸುವಂತಿಲ್ಲ, ಒಬ್ಬರು ಒತ್ತಿ ಹಿಡಿದರೆ ಉಳಿದವರೆಲ್ಲ ಕಿವುಡರು. ನಾನು ನನ್ನ ನೋಂದಣಿ ಅಕ್ಷರಗಳನ್ನು ಹೇಳಿ ಎತ್ತರ ವರದಿ ಮಾಡಿದೆ. ಕ್ಲಬ್ಬಿನ ಆ ವಿಮಾನದ ಅಕ್ಷರಗಳು ಅವಳಿಗೆ ತನ್ನ ಹೆಸರಿನಷ್ಟೇ ಪರಿಚಿತ. ಮುಂದಿನ ನಿಯಂತ್ರಕರಿಗೆ ವರ್ಗಾಯಿಸಿದಾಗ ಅವಳು ಹೊಸ ತರಂಗದ ಸಂಖ್ಯೆಯನ್ನು ತಿರುಗಿ ಹೇಳಿ, ಎಲ್ಲರೂ ಹೇಳುವ "ಗುಡ್ ಡೇ"ಯನ್ನು ನಮ್ಮ ಬೋಧಕರು ಎಳೆಯುತ್ತಿದ್ದ ಹಾಗೆ ಎರಡು ಪಟ್ಟು ಎಳೆದು ಹೇಳಿ ಹೋದಳು. ಈ ಪುಸ್ತಕದ ನಾಲ್ಕು ಸೆಂಟಿಮೀಟರಿನಲ್ಲಿ ಇದನ್ನು ಬರೆಯುವುದು ಹೇಗೆ? 'ಧ್ವನಿ' ಎಂದು ಬರೆದು ಅಕ್ಷರ ಹಾಕಿದ್ದೇನೆ.

ಮೂರನೆಯವರು ಹ್ಯಾಂಗರಿನ ಮೆಕ್ಯಾನಿಕ್. ಅವರ ಹೆಸರು ಪೈಲಟ್‌ಗಳ ಪುಸ್ತಕದಲ್ಲಿ ಬರುವುದೇ ಇಲ್ಲ, ವಿಮಾನದ ಪುಸ್ತಕಗಳೇ ಬೇರೆ. ವಿಮಾನದ ಮೈಗೆ ಒಂದು, ಇಂಜಿನ್ನಿಗೆ ಒಂದು, ಪ್ರೊಪೆಲರ್‌ಗೆ ಒಂದು ಎಂದು ದಾಖಲೆ ಇಡುತ್ತಾರೆ. ಪ್ರತಿ 50 ಗಂಟೆಗೆ ಎಣ್ಣೆ ಬದಲಿಸಿದಾಗ, ಪ್ರತಿ 100 ಗಂಟೆಯ ತಪಾಸಣೆಯಾದಾಗ, ವಿಮಾನ ಹಾರಾಟಕ್ಕೆ ಯೋಗ್ಯವೆಂದು ಅವುಗಳಲ್ಲಿ ಸಹಿ ಮಾಡುತ್ತಿದ್ದವರು ಅವರು. ನಾವು ಇಷ್ಟು ವರ್ಷ ನೆಲಕ್ಕೆ ಸುರಕ್ಷಿತವಾಗಿ ಬಂದದ್ದು ಆ ಸಹಿಗಳ ಮೇಲೆ. ಒಮ್ಮೆ ನಾನು ಇಂಧನ ಪರೀಕ್ಷೆಯನ್ನು ಅವಸರದಲ್ಲಿ ಮುಗಿಸಿದ್ದನ್ನು ನೋಡಿ, ಕರೆದು, ರೆಕ್ಕೆಯ ಕೆಳಗೆ ಮತ್ತೆ ಕೂರಿಸಿ, ಲೋಟದಲ್ಲಿ ಹಿಡಿದದ್ದನ್ನು ನನ್ನ ತೆರೆದ ಲಾಗ್‌ಬುಕ್ಕಿನ ಬಿಳಿ ಹಾಳೆಯ ಮೇಲೆ ತಂದಿಟ್ಟು, "ಬಿಳಿ ಹಿನ್ನೆಲೆಯಲ್ಲಿ ನೋಡಿ, ಆಗ ನೀರು ಕಾಣ್ತದೆ" ಎಂದರು. ಸಾಸಿವೆ ಕಾಳಿನಷ್ಟು ನೀರು ತಳದಲ್ಲಿ ಹೊರಳುತ್ತಿತ್ತು. ಪುಸ್ತಕ ಹಾಳಾಯಿತೆಂದು ಆಗ ಸಿಟ್ಟು ಬಂದಿತ್ತು. ಈ ಇಡೀ ಪುಸ್ತಕದಲ್ಲಿ ಅವರ ಕೈಯ ಗುರುತು ಎಂದು ಇರುವುದು ಆ ನೀಲಿ ಉಂಗುರವೊಂದೇ.

ತೀರಿಕೊಂಡವರನ್ನು ಹಾರುವ ಜನ 'ಪಶ್ಚಿಮಕ್ಕೆ ಹೋದರು' ಎನ್ನುತ್ತಾರೆ. ಮೊದಲ ಮಹಾಯುದ್ಧದ ಸೈನಿಕರ ಬಾಯಲ್ಲಿದ್ದ ಮಾತು. ನಮ್ಮ ಮೆಕ್ಯಾನಿಕ್ ಹೋದಾಗ ಕ್ಲಬ್ಬಿನಲ್ಲಿ ಕೆಲವರು 'ಮಿಸ್ಸಿಂಗ್ ಮ್ಯಾನ್' ರಚನೆಯಲ್ಲಿ ಹಾರೋಣವೆಂದರು. ಗುಂಪಾಗಿ ಬರುವ ವಿಮಾನಗಳಲ್ಲಿ ಒಂದು ಥಟ್ಟನೆ ಮೇಲಕ್ಕೆದ್ದು ಬೇರೆಯಾಗಿ, ಅದರ ಜಾಗ ಖಾಲಿ ಉಳಿಯುವ ಆ ಗೌರವ ನೋಡಲು ಎದೆ ತುಂಬುವಂಥದ್ದು. ಆದರೆ ರೆಕ್ಕೆಗೆ ರೆಕ್ಕೆ ಹತ್ತಿರ ಹಿಡಿದು ಹಾರುವುದು ಬೇರೆಯೇ ವಿದ್ಯೆ, ನಮ್ಮಲ್ಲಿ ಅದನ್ನು ಕಲಿತವರು ಒಬ್ಬರೂ ಇರಲಿಲ್ಲ. ಬದುಕಿದ್ದರೆ ಮೊದಲು ಬೈಯುತ್ತಿದ್ದವರು ಅವರೇ ಎಂದು ಯಾರೋ ಅಂದರು, ಚರ್ಚೆ ಅಲ್ಲಿಗೆ ನಿಂತಿತು. ಐದೂ ವಿಮಾನಗಳು ಸಾಕಷ್ಟು ಅಂತರ ಬಿಟ್ಟು ಒಂದರ ಹಿಂದೊಂದು ಎದ್ದು, ಹ್ಯಾಂಗರಿನ ಮೇಲೆ ಒಮ್ಮೆ ಹಾದು, ಇಳಿದವು. ಇಂಜಿನ್ನುಗಳ ಸದ್ದಿನಲ್ಲಿ ಯಾವುದರಲ್ಲೂ ತಕರಾರು ಇರಲಿಲ್ಲ. ನನ್ನ ಪುಸ್ತಕದಲ್ಲಿ ಆ ಸಾಲು: ಹೊರಟ ಸ್ಥಳ, ತಲುಪಿದ ಸ್ಥಳ ಎರಡೂ ಒಂದೇ, 18 ನಿಮಿಷ, ಲ್ಯಾಂಡಿಂಗ್ 1. ದಶಾಂಶದಲ್ಲಿ ಬರೆಯುವವರಾದರೆ 0.3 ಗಂಟೆ. ಷರಾದಲ್ಲಿ ಅವರ ಹೆಸರನ್ನು ಪೂರ್ತಿಯಾಗಿ ಬರೆದೆ. ಅದೊಂದು ಸಾಲಿಗೆ ಜಾಗ ಸರಿಯಾಗಿ ಸಾಕಾಯಿತು. ಮರುವರ್ಷ ಆ ಸೆಸ್ನಾವನ್ನು ಮಾರಿದೆವು. ವಿಮಾನ ಮಾರಿದರೆ ಅದರ ದಾಖಲೆ ಪುಸ್ತಕಗಳೂ ಜೊತೆಗೇ ಹೋಗಬೇಕು, ಆದ್ದರಿಂದ ಅವರ ಸಹಿಗಳು ಈಗ ಯಾರೋ ಅಪರಿಚಿತರ ಕಪಾಟಿನಲ್ಲಿವೆ.

ಇಲೆಕ್ಟ್ರಾನಿಕ್ ಲಾಗ್‌ಬುಕ್ಕಿನ ಮಾತಿಲ್ಲದೆ ಈ ವಿಮರ್ಶೆ ಪೂರ್ತಿಯಾಗದು. ಎರಡು ವರ್ಷದಿಂದ ಅದನ್ನೂ ಬಳಸುತ್ತಿದ್ದೇನೆ, ಹಲವು ವಿಷಯಗಳಲ್ಲಿ ಅದು ಮೇಲು. ಮೊತ್ತ ತಪ್ಪುವುದಿಲ್ಲ, 90 ದಿನದ ಲೆಕ್ಕವನ್ನು ತಾನೇ ಹೇಳುತ್ತದೆ, ಮನೆಗೆ ನೀರು ನುಗ್ಗಿದರೂ ಬೆಂಕಿ ಬಿದ್ದರೂ ದಾಖಲೆ ಉಳಿಯುತ್ತದೆ. ಷರಾದಲ್ಲಿ ಎಷ್ಟು ಬೇಕಾದರೂ ಬರೆಯಬಹುದು, ಒತ್ತಕ್ಷರದ ತಕರಾರೂ ಇಲ್ಲ. ವೃತ್ತಿಗೆ ಹೋಗುವ ಆಸೆಯಿರುವ ಕಿರಿಯರಿಗೆ ನಾನು ಅದನ್ನೇ ಮೊದಲು ಹೇಳುತ್ತೇನೆ. ಹಳೆಯ ಹಾರಾಟಗಳನ್ನು ಅದಕ್ಕೆ ತುಂಬಿಸುತ್ತ ಬೋಧಕರ ಆ ಸಾಲಿಗೆ ಬಂದಾಗ 'ಬಲಗಾಲು' ಎಂದು ಟೈಪು ಮಾಡಿದೆ. ಹೊಡೆದುಹಾಕಿದ ಸಂಖ್ಯೆಯನ್ನು ಟೈಪು ಮಾಡಲು ಅಲ್ಲಿ ದಾರಿಯಿಲ್ಲ. ಪುಟದ ಫೋಟೊ ತೆಗೆದು ಲಗತ್ತಿಸಿದೆ. ಫೋಟೊದಲ್ಲಿ ಪೆನ್ನು ಒತ್ತಿದ್ದರಿಂದ ಕಾಗದದ ಹಿಂಬದಿಯಲ್ಲಿ ಎದ್ದಿರುವ ಗೆರೆ ಕಾಣುವುದಿಲ್ಲ, ಬೆರಳಿಗೆ ತಾಗುವುದೂ ಇಲ್ಲ.

ಹಾಗಾಗಿ ಶಿಫಾರಸು ಹೀಗಿದೆ. ದಾಖಲೆ ಮಾತ್ರ ಸಾಕೆನ್ನುವವರಿಗೆ ಈ ಪುಸ್ತಕ ಅನಗತ್ಯ. ಚಿಕ್ಕ ಕ್ಲಬ್ಬಿನಲ್ಲಿ, ಅದೇ ಹತ್ತಾರು ಜನರ ನಡುವೆ ಹಾರುವವರು ಇದನ್ನು ಕೊಳ್ಳಲಿ, ಆದರೆ ಕೊಂಡ ದಿನವೇ ಸಿಮ್ಯುಲೇಟರ್ ಅಂಕಣದ ತಲೆಬರಹವನ್ನು ಒಂದೇ ಗೆರೆಯಿಂದ ಹೊಡೆದು, ಚಿಕ್ಕ ಸಹಿ ಹಾಕಿ, ಅದನ್ನು ಷರಾಕ್ಕೆ ಸೇರಿಸಿಕೊಳ್ಳಲಿ. ಸಿಮ್ಯುಲೇಟರ್ ತರಬೇತಿ ಇರುವವರಿಗೆ ಈ ಉಪಾಯ ಸಲ್ಲದು. ಹಿಂದಿನ ಕೆಲವು ಖಾಲಿ ಹಾಳೆಗಳು ದೃಢೀಕರಣಗಳಿಗೆಂದು ಇವೆ, ಕಾನೂನಿಗೆ ಬೇಕಾದದ್ದನ್ನು ಬಿಟ್ಟು ಅಲ್ಲಿ ಬೇರೇನೂ ಬರೆಯದಿರುವುದು ಒಳ್ಳೆಯದು. ಹೊಲಿಗೆಗೆ ಪೂರ್ಣ ಅಂಕ, ಕಾಗದಕ್ಕೂ ಪೂರ್ಣ ಅಂಕ, ಷರಾಕ್ಕೆ ಅರ್ಧ.

ನಾನು ಅದೇ ನಮೂನೆಯದನ್ನೇ ತಂದಿದ್ದೇನೆ. ಹೊಸ ಪುಸ್ತಕದ ಮೊದಲ ಪುಟದ ಅಡಿಯಲ್ಲಿ 'ಹಿಂದಿನ ಪುಟಗಳಿಂದ ತಂದದ್ದು' ಎಂಬ ಸಾಲು ಇದೆ, ಹಳೆಯ ಪುಸ್ತಕದ ಕೊನೆಯ ಮೊತ್ತವನ್ನು ಅಲ್ಲಿ ಇಳಿಸಬೇಕು. 541 ಗಂಟೆ 25 ನಿಮಿಷ, ಎರಡು ಸಲ ಕೂಡಿ ನೋಡಿ ಬರೆದೆ. ಲ್ಯಾಂಡಿಂಗುಗಳನ್ನು ಬರೆದೆ, ರಾತ್ರಿಯ ಸಮಯ ಬರೆದೆ, ಉಪಕರಣದ ಸಮಯ ಬರೆದೆ. ಆ ಸಾಲಿನಲ್ಲಿ 12ನೇ ಅಂಕಣದ ಮನೆಯನ್ನು ಮಾತ್ರ ಕಪ್ಪಾಗಿ ಅಚ್ಚು ಹಾಕಿ ಮುಚ್ಚಿದ್ದಾರೆ, ಕೂಡಲು ಬಾರದ್ದನ್ನು ಅಲ್ಲಿ ಬರೆಯದಿರಲೆಂದು.